ಬುಸೂಲ್ವ ಕಿತ್ತ ಹುಲ್ಲು, ಕಿಟ್ಯೊ ಬೆಳೆಸಿದ ಹುಲ್ಲು

ನಮ್ಮೂರು ಮಿತ್ಯಾನದಲ್ಲಿ ಅಂಗಳದ ಹಳೆ ಹುಲ್ಲು ತೆಗೆಸಬೇಕೆಂದರೆ ಎಲ್ಲರೂ ಬುಸೂಲ್ವನನ್ನೇ ಕರೆಯುತ್ತಿದ್ದರು. ಕರೆದ ಮೂರನೆಯ ದಿನಕ್ಕೆ ಯಾಕಾದರೂ ಕರೆದೆವೋ ಅನ್ನುತ್ತಿದ್ದರು. ಮೂರು ಹಲ್ಲಿನ ಗುದ್ದಲಿಯಿಂದ ಮಣ್ಣು ಸಡಿಲಿಸಿ, ಮಂಡಿಯೂರಿ, ಲುಂಬುಗು ಎಂಬ ಕಳೆಹುಲ್ಲಿನ ಬಿಳಿ ಬೇರನ್ನು ನೂಲೆಳೆದಂತೆ ಎಳೆಯುತ್ತಿದ್ದ. ತುಂಡಾದರೆ ಉಳಿದ ತುದಿ ಸಿಗುವವರೆಗೂ ಮುಂದಕ್ಕೆ ಹೋಗುತ್ತಿರಲಿಲ್ಲ. ದಿನಕ್ಕೆ ಎರಡು ಚಾಪೆಯಗಲ ಮುಗಿದರೆ ಅದೇ ಹೆಚ್ಚು.

ನಮ್ಮ ಪಕ್ಕದ ಮನೆಯ ಕಿಟ್ಯೊ ನಿವೃತ್ತ ಬಸ್ ಡ್ರೈವರ್. ಮಗಳ ಕ್ವಾಂಜುಲಕ್ಕೆ, ಅಂದರೆ ಗಂಡಿನ ಕಡೆಯವರು ಹೆಣ್ಣು ಕೇಳಲು ಬರುವ ದಿನಕ್ಕೆ, ಎರಡೇ ತಿಂಗಳಿತ್ತು. ಅಷ್ಟರೊಳಗೆ ಹೊಸ ಹುಲ್ಲು ನೆಡಬೇಕೆಂದು ಅವನ ಹೆಂಡತಿ ನಕಿಮುಲಿ ಬುಸೂಲ್ವನನ್ನು ಕರೆಸಿದಳು.

“ಏನಯ್ಯಾ, ಹುಲ್ಲು ಕೀಳ್ತಿದ್ದೀಯೋ, ಹೇನು ಹೆಕ್ತಿದ್ದೀಯೋ?” ಎಂದ ಕಿಟ್ಯೊ.

“ಒಂದು ಗೆಣ್ಣು ಒಳಗುಳಿದ್ರೂ ಯಜಮಾನ್ರೇ, ನಿಮ್ಮ ಅಳಿಯನಿಗಿಂತ ಮುಂಚೆ ಅದೇ ಬಂದು ಅಂಗಳದಲ್ಲಿ ಕೂತಿರುತ್ತೆ.”

ಅರ್ಧ ಅಂಗಳ ಮುಗಿದಿತ್ತು. ನಕಿಮುಲಿ ತಂಗಿಯ ಮನೆಗೆ ಹೋದ ದಿನ ಕಿಟ್ಯೊ ಟಿಲ್ಲರ್ ತರಿಸಿ ಉಳಿದರ್ಧವನ್ನು ಉತ್ತುಬಿಟ್ಟ.

“ನೋಡು, ಅರ್ಧ ಗಂಟೆ!”

ಬುಸೂಲ್ವ ಕುಕ್ಕರುಗಾಲಲ್ಲಿ ಕೂತು, ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೆರಳುದ್ದದ ಬೇರಿನ ಚೂರೊಂದನ್ನು ಎತ್ತಿ ನೋಡಿ, “ನೀವು ಕಿತ್ತಿಲ್ಲ ಯಜಮಾನ್ರೇ, ಬಿತ್ತಿದ್ದೀರಿ” ಎಂದ.

ನಕಿಮುಲಿ ಬಂದವಳು ಕೂಗಾಡಲಿಲ್ಲ. ಅಂಗಳದ ನಡುವೆ ಬಾಳೆನಾರಿನ ಹಗ್ಗ ಕಟ್ಟಿ, “ಈಚೆ ಬುಸೂಲ್ವಂದು, ಆಚೆ ನಿಮ್ದು. ಊರೇ ನೋಡ್ಲಿ” ಎಂದಳು. ಎರಡೂ ಕಡೆ ಹೊಸ ಹುಲ್ಲಿನ ಸಸಿ ನೆಟ್ಟರು. ಮಳೆ ಬಿತ್ತು. ಕಿಟ್ಯೊನ ಭಾಗದಲ್ಲಿ ಲುಂಬುಗು ದಂಡೆತ್ತಿ ಬಂತು. ನಾಲ್ಕು ದಿನ ಕಿತ್ತು ಸೊಂಟ ಹಿಡಿಸಿಕೊಂಡ ಕಿಟ್ಯೊ, ಕಡೆಗೆ ಅತ್ತ ನೋಡುವುದನ್ನೇ ಬಿಟ್ಟ.

ಕ್ವಾಂಜುಲದ ದಿನ ಬುಸೂಲ್ವನ ಭಾಗದಲ್ಲಿ ಕೆಂಪು ಮಣ್ಣಿನ ಮೇಲೆ ಅಲ್ಲೊಂದು ಇಲ್ಲೊಂದು ಎಳೆ ಚಿಗುರು. ಕಿಟ್ಯೊನ ಭಾಗ ದಟ್ಟ ಹಸಿರು.

“ಈ ಕಡೆ ಹಾಸಿಗೆ ಹಾಸ್ದಂಗಿದೆ! ಆ ಕಡೆ ಏನು, ಸಿಡುಬು ಬಂದಿತ್ತಾ?” ಎಂದ ಗಂಡಿನ ಕಡೆಯ ಮಾತುಗಾರ.

ಕಿಟ್ಯೊ ಎದ್ದೇ ನಿಂತ. “ಈ ಹಸಿರು ಭಾಗ ನಾನೇ ಕೈಯಾರೆ ನೋಡ್ಕೊಂಡಿದ್ದು.”

ನಕಿಮುಲಿ ನಗು ತಡೆಯಲು ಸೆರಗು ಬಾಯಿಗೊತ್ತಿಕೊಂಡು ಒಳಗೋಡಿದಳು. ಹುಡುಗನ ಸೋದರತ್ತೆ ನಂಫುಕ, ವಿಧವೆ, ತನಗೂ ಒಂದು ಬುಟ್ಟಿ ಹುಲ್ಲು ಬೇಕೆಂದಳು. ಬಾಳೆಕಾಯಿ ಬಡಿಸುತ್ತಿದ್ದ ಬುಸೂಲ್ವನಿಗೆ ತಡೆಯಲಾಗಲಿಲ್ಲ.

“ಬೇಡ ತಾಯೀ, ಅದು ಕಳೆ!”

“ಹೆಣ್ಣು ಕೊಡ್ತಾರಂತೆ, ಹುಲ್ಲು ಕೊಡಲ್ವಂತೆ!” ಎಂದ ಮಾತುಗಾರ. ಚಪ್ಪರವೆಲ್ಲ ನಕ್ಕಿತು. ಮಾನ ಹೋದೀತೆಂದು ಕಿಟ್ಯೊ ತಾನೇ ಬುಟ್ಟಿ ತುಂಬಿಸಿ ಕೊಟ್ಟ.

ಮುಂದಿನ ಮಳೆಗಾಲದ ಹೊತ್ತಿಗೆ ನಂಫುಕಳ ಹುರುಳಿಕಾಯಿ ಪಾತಿಯೆಲ್ಲ ಲುಂಬುಗುವೇ. ‘ಅವತ್ತು ಬೇಡ ಅಂದವರನ್ನ ಕಳಿಸಿ’ ಎಂದು ಹೇಳಿಕಳಿಸಿದಳು. ಬುಸೂಲ್ವ ಗುದ್ದಲಿ ಹೊತ್ತು ಹೋದ. ಹದಿನೈದು ದಿನದ ಕೆಲಸ; ನಾಲ್ಕು ತಿಂಗಳಾದರೂ ಮುಗಿಯಲಿಲ್ಲ. ಐದನೆಯ ತಿಂಗಳು ಇಬ್ಬರೂ ಮದುವೆಯಾದರು.

ಈಗ ಅಳಿಯನ ಕಡೆಯ ಬೀಗರಾಗಿ ಅವರಿಬ್ಬರೂ ಮನೆಗೆ ಬಂದಾಗ ಕಿಟ್ಯೊ ಎದ್ದು ನಿಂತು, “ಬನ್ನಿ ಭಾವ, ಮೇಲೆ ಕೂತ್ಕೊಳ್ಳಿ” ಅನ್ನಬೇಕು. ಬುಸೂಲ್ವ ಕೂರುವುದಿಲ್ಲ, ಮೊದಲು ಅಂಗಳದಲ್ಲಿ ಕಿಟ್ಯೊ ಉತ್ತ ಆ ಅರ್ಧಕ್ಕೆ ಒಂದು ಸುತ್ತು ಹಾಕುತ್ತಾನೆ.