ಆಚೆಮನೆ ಅಕ್ಕ ಕೂಡಿಸಿದ ಪೈಪು

ಹೋದ ವಾರ ಕುಂದಾಪುರದ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿನ ಚಿಲಕ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿದ್ದವನೊಬ್ಬ ಪೈಪಿಗೆ ಹಚ್ಚುವ ಗಮ್ಮಿನ ಡಬ್ಬಿಯ ಮುಚ್ಚಳ ತೆಗೆದು ನೋಡಿದ. ಮೂಗಿಗೆ ಚುಚ್ಚುವ ಆ ವಾಸನೆ ಬಂದದ್ದೇ, ನಾನು ಚಿಲಕ ಬಿಟ್ಟು ಹೊರಗೆ ಬಂದೆ. ಆಚೆಮನೆ ಅಕ್ಕನ ಕೈಯಿಂದ ಬರುತ್ತಿದ್ದ ವಾಸನೆ ಅದು...

ಅಕ್ಕ ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಗಂಡ ಮುಂಬಯಿಯಲ್ಲಿ ಪ್ಲಂಬರ್ ಆಗಿದ್ದವರು. ಗಂಡನಿಗೆ ಸೊಂಟನೋವು ಹಿಡಿದ ಮೇಲೆ ಬಗ್ಗಿ ಮಾಡುವ ಕೆಲಸವನ್ನೆಲ್ಲ ಅಕ್ಕನೇ ಮಾಡಿದ್ದರಂತೆ. ಗಂಡ ತೀರಿಕೊಂಡ ಮೇಲೆ ಅಕ್ಕ ಊರಿಗೆ ಬಂದು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದರು. ಬೀಜದ ಎಣ್ಣೆ ತಾಗಿ ಬೆರಳುಗಳು ಸುಟ್ಟಂತಾಗಿದ್ದವು.

ಒಂದು ವರ್ಷ ನಮ್ಮ ಪಾಯಿಖಾನೆಯ ಹಳೆಯ ಮಣ್ಣಿನ ಪೈಪಿನೊಳಗೆ ತೆಂಗಿನ ಬೇರು ನುಗ್ಗಿತು. ಪ್ಲಂಬರನೊಬ್ಬ ಬಂದು ಗೋಡೆಯಿಂದ ಹೊಂಡದವರೆಗೆ ಹೊಸ ಪ್ಲಾಸ್ಟಿಕ್ ಪೈಪು ಹಾಕಿ ಮುಚ್ಚಿ ಹೋದ. ತಿಂಗಳಾಗುವುದರೊಳಗೆ ಅಂಗಳದ ಬದಿ ಒದ್ದೆಯಾಗಿ ನಾರತೊಡಗಿತು. ಬಾವಿ ಅಲ್ಲಿಂದ ದೂರವಿರಲಿಲ್ಲ. ನಾವು ಬಾವಿಯ ನೀರು ಕುಡಿಯುವುದನ್ನು ಬಿಟ್ಟೆವು. ಪ್ಲಂಬರ್ ಫೋನ್ ಎತ್ತಲಿಲ್ಲ.

"ಹ್ವಾಯ್, ನಾನೊಂದ್ಸಲ ಕಾಣ್ಲಾ?" ಎಂದು ಅಕ್ಕ ಬೇಲಿಯಾಚೆಯಿಂದ ಕೇಳಿದರು.

ಭಾನುವಾರ ಅಕ್ಕ ಮತ್ತು ನನ್ನ ಯಜಮಾನರು ಸೇರಿ ಅಗೆದರು. ಗೋಡೆಯ ಬುಡದಲ್ಲಿ ಉಳಿದಿದ್ದ ಮಣ್ಣಿನ ಪೈಪಿನ ಮೋಟಿಗೆ ಪ್ಲಂಬರ್ ಹೊಸ ಪೈಪನ್ನು ತುರುಕಿ, ಸುತ್ತ ಸಿಮೆಂಟು ಮೆತ್ತಿದ್ದ. ಅದು ಬಿರುಕು ಬಿಟ್ಟಿತ್ತು. "ಸಿಮೆಂಟ್ ಪ್ಲಾಸ್ಟಿಕ್ಕನ್ನ ಹಿಡ್ಕಂತಿಲ್ಲೆ. ಪೈಪಿನಡಿಗೆ ಬರೀ ಕಲ್ಲ್ ಬೇರೆ," ಎಂದರು ಅಕ್ಕ. ಕೆಟ್ಟ ತುಂಡನ್ನು ಗರಗಸದಲ್ಲಿ ಕೊಯ್ದು ತೆಗೆದರು. ಕಲ್ಲು ಹೆಕ್ಕಿ, ಪೈಪು ಮರಳಿನ ಮೇಲೆ ಕೂರಲೆಂದು ಹೊಯ್ಗೆ ಹಾಸಿದರು. ನೂಲು ಕಟ್ಟಿ ಇಳಿಜಾರು ನೋಡಿದರು. ಬೇರೆ ತುಂಡು ಇಟ್ಟು, ಮಣ್ಣಿನ ಪೈಪು ಮತ್ತು ಪ್ಲಾಸ್ಟಿಕ್ ಸೇರುವಲ್ಲಿ ದಪ್ಪ ರಬ್ಬರಿನ ಪಟ್ಟಿ ತೊಡಿಸಿ ಸ್ಟೀಲ್ ಕ್ಲಿಪ್ಪು ಬಿಗಿದರು. ಆ ತುಂಡಿನ ಇನ್ನೊಂದು ತುದಿಯನ್ನು ಉಜ್ಜಿ, ಒರೆಸಿ, ಗಮ್ ಹಚ್ಚಿ, ತುಸು ತಿರುಗಿಸಿ ಮುಂದಿನ ಪೈಪಿನೊಳಗೆ ತಳ್ಳಿದರು.

"ಹಿಂಗೆ ಹಿಡ್ಕಣಿ. ಅಲ್ಗಾಡ್ಸ್‌ಬೇಡಿ. ಉಸ್ರ್ ಬೇಕಾರೆ ಬಿಡ್ಲಕ್," ಎಂದರು ಅಕ್ಕ.

ನನ್ನ ಯಜಮಾನರು ನಕ್ಕರು. ಮದುವೆಯಾಗಿ ಒಂಬತ್ತು ವರ್ಷ, ಆ ನಗು ನಾನು ಕೇಳಿರಲಿಲ್ಲ. ಮನೆಯಲ್ಲಿ ಊಟ, ನಿದ್ದೆ ಬಿಟ್ಟರೆ ಮಾತಿಲ್ಲದ ಮನುಷ್ಯ. ಚಹಾ ತಂದ ನಾನು, "ನಾನೂ ಹಿಡ್ಕಂತೆ," ಎಂದೆ. "ನೀ ಒಳ್ಗ್ ಹೋಗ್, ನಿಂಗ್ ಇದ್ ಗೊತ್ತಾತಿಲ್ಲೆ," ಎಂದರು ಯಜಮಾನರು.

ನನಗೆ ಸಂಶಯವೇನೂ ಇರಲಿಲ್ಲ. ಯಜಮಾನರು ಬಾಯ್ತುಂಬ 'ಅಕ್ಕ' ಎಂದೇ ಕರೆಯುತ್ತಿದ್ದರು. ಆದರೆ ಕೆಲಸ ಮಾಡುವ ಅಕ್ಕನ ಆ ಕೈಗಳನ್ನು ಅವರು ನೋಡುತ್ತಿದ್ದ ರೀತಿ... ನನ್ನ ಕೈಯನ್ನು ಯಾವತ್ತೂ ಯಾರೂ ಹಾಗೆ ನೋಡಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ನಾನು ಉರಿದೆ.

ಹೊಂಡದ ಕಡೆಯ ಬಾಯಿ ಕಟ್ಟಿ, ಪೈಪಿನ ತುಂಬ ನೀರು ನಿಲ್ಲಿಸಿ ಮಧ್ಯಾಹ್ನವಿಡೀ ಕಾದರು. ಒಂದು ಹನಿ ಜಿನುಗಲಿಲ್ಲ. ಯಜಮಾನರು ಕೇರಿಯಲ್ಲೆಲ್ಲ ಹೊಗಳಿದರು. "ಕಾರ್ಖಾನೆ ಬಿಡಿ ಅಕ್ಕ, ಇದನ್ನೇ ಮಾಡಿ," ಎಂದರು. ಅಕ್ಕನಿಗೂ ಆಸೆ ಹುಟ್ಟಿತು.

ತಮ್ಮ ಮನೆಯ ಪೈಪಿಗೆ ಅಕ್ಕನನ್ನು ಕರೆಯಬಹುದೇ ಎಂದು ಎರಡು ಮನೆಯವರು ಬಂದು ನನ್ನನ್ನು ವಿಚಾರಿಸಿದರು. "ಎಂತ ಹೇಳುದ್, ನಮ್ದ್ ಮತ್ತೆ ಸೋರ್ತಿತ್ತ್," ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು. ಆಮೇಲೆ ಯಾರೂ ಅಕ್ಕನನ್ನು ಕರೆಯಲಿಲ್ಲ.

ಒಂದು ದಿನ ಯಜಮಾನರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅಕ್ಕ ಪಿಕಾಸು ಹಿಡಿದು ಬಂದರು. "ಹೆಣೆ ತಂಗಿ, ಸೋರ್ತಿತ್ತಂಬ್ರಲೆ. ನಂಗೊಂದ್ ಮಾತ್ ಹೇಳುಕಾಗ್ದಾ? ಸರಿ ಮಾಡಿ ಕೊಡ್ತೆ."

ನಾನು ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಅಕ್ಕ ಅಗೆದರು. ಜೋಡಣೆಯ ಸುತ್ತ ಬೆರಳಾಡಿಸಿದರು. ಅಡಿಯ ಹೊಯ್ಗೆಯನ್ನು ಮುಷ್ಟಿಯಲ್ಲಿ ಎತ್ತಿ ಬಿಟ್ಟರು, ಅದು ಪುಡಿಪುಡಿಯಾಗಿ ಉದುರಿತು. ತಲೆಯೆತ್ತಿ ನನ್ನನ್ನು ನೋಡಿದರು.

"ಒಣಗಿತ್ತ್," ಎಂದರು. ಅಷ್ಟೇ.

ಅಗೆದ ಗುಂಡಿಯನ್ನು ಹಾಗೇ ಬಿಟ್ಟುಹೋಗಬಹುದಿತ್ತು. ಆದರೆ ಅಕ್ಕ ಮೊದಲಿನಂತೆಯೇ ಹೊಯ್ಗೆ ತುಂಬಿ, ಮಣ್ಣು ಮೆಟ್ಟಿ, ಅಂಗಳ ಗುಡಿಸಿ, ಕೈ ತೊಳೆದು ಹೋದರು. ಯಜಮಾನರಿಗೂ ಹೇಳಲಿಲ್ಲ. ಎರಡು ತಿಂಗಳ ಮೇಲೆ ಮುಂಬಯಿಗೆ, ತಮ್ಮನ ಮನೆಗೆ ಹೊರಟುಹೋದರು.

ಹೋದ ಮಳೆಗಾಲ ಅಲ್ಲೇ ತೀರಿಕೊಂಡರೆಂದು ಬಸ್ಸಿನಲ್ಲಿ ಸಿಕ್ಕ ಕಾರ್ಖಾನೆಯ ಹೆಂಗಸೊಬ್ಬಳು ಹೇಳಿದ್ದಳು. ಅದನ್ನೂ ನಾನು ಮನೆಯಲ್ಲಿ ಹೇಳಿರಲಿಲ್ಲ. ಆ ಹಾರ್ಡ್‌ವೇರ್ ಅಂಗಡಿಯಿಂದ ಬಂದ ಸಂಜೆ ಜಗಲಿಯಲ್ಲಿ ಕೂತಿದ್ದ ಯಜಮಾನರಿಗೆ ಹೇಳಿದೆ.

ಅವರು ಪೇಪರ್ ಮಡಿಸಿದರು. "ಪಾಪ. ಯಾರಾರೂ ಕೆಲ್ಸಕ್ಕೆ ಕರ್ದಿದ್ರೆ ಇಲ್ಲೇ ಇರ್ತಿದ್ರ್."

"ಕರೂಕೆ ಬಂದಿದ್ರ್. ನಾನೇ ಸುಳ್ಳ್ ಹೇಳಿ ತಪ್ಸಿದೆ," ಎಂದೆ. ಎಲ್ಲವನ್ನೂ ಹೇಳಿದೆ.

ಯಜಮಾನರು ಕೇಳಿದರು, "ಅವ್ರಿಗೆ ಗೊತ್ತಾಯ್ತಾ?"

"ಗೊತ್ತಾಯ್ತ್."

ಅವರು ಕನ್ನಡಕ ತೆಗೆದು ಹೆಗಲ ಮೇಲಿನ ಬೈರಾಸಿನಲ್ಲಿ ಕಣ್ಣು ಒರೆಸಿಕೊಂಡರು. ಬೈಯಲಿಲ್ಲ. ಕ್ಷಮೆ ಕೇಳೋಣವೆಂದರೆ ಅಕ್ಕ ಇಲ್ಲ, ಅದು ನನಗೆ ಗೊತ್ತಿತ್ತು. ಆದರೂ ಎದುರಿಗೆ ಕೂತು ಅವರು ಅಳುವುದನ್ನು ನೋಡುತ್ತಿದ್ದ ನನಗೆ ಆ ಗಳಿಗೆಯಲ್ಲೂ ಬಂದ ಯೋಚನೆ ಒಂದೇ... ನಾಳೆ ನಾನು ಹೋದರೆ ಇವರು ಇಷ್ಟು ಅತ್ತಾರೇ?