ಶಾದಿಮಹಲಿನ ವೆಜ್ ಸೈಡು

ಶಿವಮೊಗ್ಗ, ಭದ್ರಾವತಿ ಕಡೆಯ ಮುಸಲ್ಮಾನರ ಮದುವೆಗಳಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಬಿರಿಯಾನಿಯ ಒಲೆ ಒಂದು ಮೂಲೆಯಲ್ಲಿ ಉರಿದರೆ, ದೂರದ ಇನ್ನೊಂದು ಮೂಲೆಯಲ್ಲಿ ಪರದೆ ಕಟ್ಟಿ, ಮಾಂಸ ತಿನ್ನದ ಸ್ನೇಹಿತರಿಗೆಂದೇ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಕೈ. ಇದಕ್ಕೆ ಎಲ್ಲರೂ ಕರೆಯುವ ಹೆಸರು ವೆಜ್ ಸೈಡು. ಆ ಬೇರೆ ಕೈ ಬಹಳ ವರ್ಷಗಳಿಂದ ವಿದ್ಯಾನಗರದ ದಾಕ್ಷಾಯಣಿಯದು.

ದಾಕ್ಷಾಯಣಿ ಲಿಂಗಾಯತರ ಮನೆಯ ಸೊಸೆ. ಮೊಟ್ಟೆ ಒಡೆದದ್ದನ್ನೂ ಹತ್ತಿರದಿಂದ ನೋಡಿದವಳಲ್ಲ. ಆದರೂ ಬಿರಿಯಾನಿಯ ಹಂಡೆಯಿಂದ ಕೂಗಳತೆ ದೂರದಲ್ಲಿ ಕೂತು ಹಾಡು ಗುನುಗುತ್ತಾ ಬದನೆಕಾಯಿ ಸೀಳುತ್ತಾಳೆ. ತನ್ನ ಪಾತ್ರೆ, ತನ್ನ ಸೌಟು, ತನ್ನ ಈಳಿಗೆಮಣೆ, ಎಲ್ಲವೂ ಮನೆಯಿಂದಲೇ ಹೋಗಬೇಕು. ಅವನ್ನೆಲ್ಲ ಹೊತ್ತೊಯ್ಯುವುದು ಭದ್ರಾವತಿ ಓಲ್ಡ್ ಟೌನಿನ ಪೀರ್ ಬಾಷಾನ ಗೂಡ್ಸ್ ಗಾಡಿ. ಇಂಥ ಮದುವೆಯ ಅಡುಗೆಗೆ ಅವಳನ್ನು ಮೊದಲು ಒಪ್ಪಿಸಿದವನೂ ಅವನೇ.

ಇಷ್ಟೆಲ್ಲ ಚೆನ್ನಾಗಿದ್ದರೂ ದಾಕ್ಷಾಯಣಿಗೆ ಒಂದು ಕೊರಗಿತ್ತು. ಅವಳ ಅತ್ತೆ ವಿಮಲಮ್ಮ ಈ ಕೆಲಸವನ್ನು ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಕೊರಳ ಲಿಂಗಕ್ಕೆ ತೋರಿಸದೆ ತುತ್ತು ಬಾಯಿಗಿಡದ ಜೀವ ಅದು. ಮದುವೆಯ ಅಡುಗೆ ಮಿಕ್ಕಿ ಸೊಸೆ ಡಬ್ಬಿಯಲ್ಲಿ ತಂದರೆ, "ಬೀದಿಯೋರಿಗೆ ಕೊಡು" ಎಂದು ಮುಖ ತಿರುಗಿಸುತ್ತಿತ್ತು. ಊರೆಲ್ಲ ಬೆರಳು ನೆಕ್ಕಿ ಹೊಗಳಿದ ಅಡುಗೆಯನ್ನು ಅತ್ತೆ ಒಂದು ಸಲ ಬಾಯಿಗಿಡಲಿ ಎಂಬುದು ದಾಕ್ಷಾಯಣಿಯ ಆಸೆ. ಆಸೆ ಚಿಕ್ಕದೇ. ಆದರೆ ಅತ್ತೆಯಿಂದ ಭೇಷ್ ಅನ್ನಿಸಿಕೊಳ್ಳುವುದು ಎಷ್ಟು ದೊಡ್ಡ ಬೆಟ್ಟ ಎಂಬುದು ಸೊಸೆಯರಿಗೆ ಗೊತ್ತು.

ಕಳೆದ ವರ್ಷ ಪೀರ್ ಬಾಷಾನ ಮಗಳು ಇರಂಳ ಮದುವೆ ಗೊತ್ತಾಯಿತು. ಬಾಷಾ ಹೆಂಡತಿ ಖುರ್ಷಿದ್ ಬೇಗಂಳನ್ನು ಕರೆದುಕೊಂಡು ಬಂದು ನೇರವಾಗಿ ವಿಮಲಮ್ಮನ ಮುಂದೆಯೇ ಕೂತ. ಕಣ್ಣಿನ ಆಪರೇಷನ್ನಿಗೆ ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ದು, ತಿರುಗಿ ಮನೆಗೆ ತಂದು ಬಿಟ್ಟವನು ಅವನು. ಅವನಿಗೆ ಇಲ್ಲ ಎನ್ನಲು ವಿಮಲಮ್ಮನಿಗೆ ಬಾಯಿ ಬರಲಿಲ್ಲ.

"ಬರ್ತೀನಿ ಮಾರಾಯ. ಬಂದು ಅಕ್ಷತೆ ಹಾಕಿ ಹೋಗ್ತೀನಿ."

"ನಮ್ಮಲ್ಲಿ ಅಕ್ಷತೆ ಇಲ್ಲ ಅಮ್ಮ" ಎಂದ ಬಾಷಾ.

"ಹಂಗಾದ್ರೆ ಹುಡುಗಿ ತಲೆ ಮೇಲೆ ಕೈ ಇಟ್ಟು ಬರ್ತೀನಿ. ಊಟ ಮಾತ್ರ ಕೇಳ್ಬೇಡ, ನೀರೂ ಮುಟ್ಟಲ್ಲ."

ದಾಕ್ಷಾಯಣಿ ಒಳಗೆ ಪಾತ್ರೆ ಸದ್ದು ಮಾಡಿದಳು. ಆದರೆ ಮದುವೆಯ ದಿನ ಕೈಗೆ ಅದೇನು ಬಂದಿತ್ತೋ, ಉಕ್ಕರಿಸಿದ ಹಿಟ್ಟಿನ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶಾವಿಗೆ ಪಾಯಸ, ಒಂದನ್ನೊಂದು ಮೀರಿಸಿದವು. ಗಾಳಿ ಬಿರಿಯಾನಿಯ ಕಡೆಗೆ ಬೀಸುತ್ತಿತ್ತು. ಎಡವಟ್ಟಾದದ್ದು ಅಲ್ಲೇ.

ಮೊದಲು ಪರದೆ ಸರಿಸಿ ಇಣುಕಿದವನು ಗಂಡಿನ ಚಿಕ್ಕಪ್ಪ ಮುಸ್ತಕೀಮ್. "ಡಾಕ್ಟ್ರು ಮಟನ್ ಬಿಡಿ ಅಂದಿದಾರೆ ಅಕ್ಕ, ಬಿಪಿ. ನಂಗೂ ಇಲ್ಲೇ ಒಂದು ಎಲೆ ಹಾಕಿ." ಪಾಪ ಎಂದು ದಾಕ್ಷಾಯಣಿ ಬಡಿಸಿದಳು. ಬಿಪಿಯ ಮನುಷ್ಯ ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡು, ಹೋಗಿ ಸುಮ್ಮನಿರದೆ ಊರಿಗೆಲ್ಲ ಡಂಗುರ ಸಾರಿದ. ಶುಗರಿನವರು ಬಂದರು, ಗ್ಯಾಸ್ಟ್ರಿಕ್‌ನವರು ಬಂದರು. ಆಮೇಲೆ ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದ ಹುಡುಗರೂ ಸಾಲಾಗಿ ಬಂದು ಕೂತರು. ಗಂಡಿನ ಕಡೆಯವರನ್ನು ನೀವು ವೆಜ್ಜಾ ಎಂದು ಕೇಳುವುದುಂಟೆ? ಕೇಳಿದರೆ ಹೆಣ್ಣಿನ ಮನೆಯ ಮಾನ ಹೋಗುತ್ತದೆ. ದಾಕ್ಷಾಯಣಿ ನಗುನಗುತ್ತಲೇ ಬಡಿಸಿದಳು, ನಗುನಗುತ್ತಲೇ ಪಾತ್ರೆ ತಳ ಕಂಡಳು.

ಅಷ್ಟರಲ್ಲಿ ಮಾಂಸ ತಿನ್ನದ ಸ್ನೇಹಿತರ ಬಸ್ಸು ಬಂತು. ವಿನೋಬನಗರದ ಶಿವಶಂಕರಪ್ಪನವರು, ಬಾಷಾನ ಹಳೆಯ ಗಿರಾಕಿಗಳು, ಅವರ ಮನೆಯವರು, ಎಲ್ಲ ಇಳಿದರು. ಕೊನೆಯಲ್ಲಿ ಕೋಲೂರಿಕೊಂಡು ವಿಮಲಮ್ಮ. ವಿಮಲಮ್ಮನನ್ನು ಬಿಟ್ಟು ಎಲ್ಲರೂ ವೆಜ್ ಸೈಡಿಗೆ ಬಂದು ಎಲೆಯ ಮುಂದೆ ಕೂತಾಗ ಒಳಗಿದ್ದದ್ದು ಸ್ವಲ್ಪ ಅನ್ನ, ರುಬ್ಬಿದ ಮಸಾಲೆ, ಒಂದು ಡಬ್ಬ ಅಕ್ಕಿ ಹಿಟ್ಟು. ಆ ಕಡೆ ಬಿರಿಯಾನಿ ಹಂಡೆಗಟ್ಟಲೆ ಹಾಗೇ ಇತ್ತು. ವಿನೋಬನಗರದ ಒಂದಿಬ್ಬರು ಹುಡುಗರು ಬಾಷಣ್ಣನಿಗೆ ವಿಶ್ ಮಾಡಿ ಬರ್ತೀವಿ ಎಂದು ಆ ಕಡೆ ಹೋದವರು ಬಹಳ ಹೊತ್ತು ವಿಶ್ ಮಾಡಿದರು. ಅದು ಅವರ ಹೊಟ್ಟೆಪಾಡು, ನಮಗೇಕೆ.

ಬಾಷಾ ಬದನೆಕಾಯಿಗೆಂದು ಮಾರ್ಕೆಟ್ಟಿಗೆ ಓಡಿದ. ಖುರ್ಷಿದ್ ಬೇಗಂ ರೇಷ್ಮೆ ಸೀರೆಯಲ್ಲೇ ನಾದಿನಿಯರನ್ನು ಕರೆದುಕೊಂಡು ಬಂದಳು. ಹಿಂದೆಯೇ ಬಾಷಾ ಚೀಲ ತಂದು ಸುರಿದ.

"ನಮ್ಮ ಚಾಕು ನಿಮಗೆ ಆಗಲ್ಲ, ಗೊತ್ತು. ಕೈ ಆಗ್ತದಲ್ಲ ಅಕ್ಕ? ಏನು ಬಿಡಿಸ್ಬೇಕು ಹೇಳಿ" ಎಂದಳು ಖುರ್ಷಿದ್.

ಅವರು ಬೆಳ್ಳುಳ್ಳಿ ಸುಲಿದರು, ಕೊತ್ತಂಬರಿ ಬಿಡಿಸಿದರು. ದಾಕ್ಷಾಯಣಿ ಇದ್ದ ಒಂದೇ ಈಳಿಗೆಯಲ್ಲಿ ಬದನೆಕಾಯಿ ಸೀಳಿ, ಮಸಾಲೆ ತುಂಬಿ, ಒಲೆಗೇರಿಸಿ, ರೊಟ್ಟಿಗೆ ಕೈ ಹಾಕಿದಳು. ಗಾಬರಿಗೆ ರೊಟ್ಟಿ ಹರಿಯತೊಡಗಿತು. ಹರಿದದ್ದನ್ನು ಮುದ್ದೆ ಮಾಡಿ ಮತ್ತೆ ತಟ್ಟಿದಳು, ಮತ್ತೆ ಹರಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಒಂದು ಸಲ ಅತ್ತೆ ಬಂದಳು, ಬಂದ ದಿನವೇ ಬರಿಯ ಎಲೆ ತೋರಿಸಿದೆನಲ್ಲ ಎಂದು.

ಪರದೆಯ ಬಳಿ ಕುರ್ಚಿಯಲ್ಲಿ ಕೂತ ವಿಮಲಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಎಲೆಯ ಮುಂದೆ ಕೂತವರು ನೀರು ಕುಡಿದು ನೀರು ಕುಡಿದು ಕಾಯುತ್ತಿದ್ದುದನ್ನೂ ನೋಡಿದಳು. ಆಮೇಲೆ ಕೋಲನ್ನು ಗೋಡೆಗೆ ಒರಗಿಸಿ, ಕುರ್ಚಿ ಎಳೆಸಿಕೊಂಡು ಒಲೆಯ ಹತ್ತಿರ ಬಂದಳು.

"ಏಳು ಅತ್ಲಾಗೆ. ಹಿಟ್ಟಿಗೆ ಬಿಸಿನೀರು ಸಾಲ್ದು ಅಂತ ಗೊತ್ತಾಗಲ್ವ? ಎಲೆ ಮುಂದೆ ಕೂತೋರನ್ನ ಎಬ್ಬಿಸಿ ಕಳ್ಸಿದ್ರೆ ಬಸವಣ್ಣ ಮೆಚ್ಚಲ್ಲ, ಇವರ ಅಲ್ಲಾನೂ ಮೆಚ್ಚಲ್ಲ."

ಮುದುಕಿ ಸೆರಗು ಸಿಕ್ಕಿಸಿ ರೊಟ್ಟಿ ತಟ್ಟಲು ಕೂತ ಆ ಹೊತ್ತು ಶಾದಿಮಹಲಿನಲ್ಲಿ ನೋಡುವಂಥದು ಬೇರೆ ಏನೂ ಉಳಿಯಲಿಲ್ಲ. ಕಣ್ಣು ಮಂಜಾದರೇನು, ಕೈಗೆ ಮಂಜಿರಲಿಲ್ಲ. ಮದುಮಗಳು ಇರಂ ಕೂಡ ಗೆಳತಿಯರ ಜೊತೆ ಬಂದು ಪರದೆ ಸರಿಸಿ ನೋಡಿದಳು. ವಿಮಲಮ್ಮ ಹಿಟ್ಟಿನ ಕೈಯನ್ನೇ ಅವಳ ತಲೆಯ ಮೇಲಿಟ್ಟಳು. ಖುರ್ಷಿದ್ ಬೇಗಂ ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾ, "ಅಮ್ಮ, ಇಷ್ಟು ತೆಳ್ಳಗೆ ಹೆಂಗೆ ಬರ್ತದೆ" ಎಂದು ಕೇಳಿದಳು. "ನಲವತ್ತು ಜನ ಇದ್ದ ಮನೆಗೆ ಸೊಸೆ ಆಗಿ ಹೋಗು, ತಾನೇ ಬರ್ತದೆ" ಎಂದಳು ವಿಮಲಮ್ಮ. ಶಿವಶಂಕರಪ್ಪನವರು ನಾಲ್ಕನೇ ರೊಟ್ಟಿಗೆ ಕೈ ಚಾಚಿ, ತಡವಾಗಿ ಬಂದದ್ದೇ ಒಳ್ಳೆಯದಾಯಿತು ಎಂದರು.

ಎಲ್ಲರದೂ ಮುಗಿದ ಮೇಲೆ ಉಳಿದವರು ಮೂವರು. ಹೆಣ್ಣಿನ ತಾಯಿಯ ಬಾಯಿಗೆ ಬೆಳಗಿನಿಂದ ಏನೂ ಬಿದ್ದಿರಲಿಲ್ಲ. "ಬಿರಿಯಾನಿ ವಾಸನೆ ಕುಡ್ದು ಕುಡ್ದು ಸಾಕಾಗಿದೆ, ನಂಗೆ ರೊಟ್ಟಿನೇ ಕೊಡಿ" ಎಂದು ಖುರ್ಷಿದ್ ಅಲ್ಲೇ ನೆಲಕ್ಕೆ ಕೂತಳು. ದಾಕ್ಷಾಯಣಿ ಅವಳಿಗೆ ಬಡಿಸಿದಳು. ಅತ್ತೆಗೆ ಬಡಿಸಲು ಧೈರ್ಯ ಬರದೆ ಸೌಟು ಹಿಡಿದೇ ನಿಂತಳು.

"ಏನು ನಿಂತ್ಕೊಂಡೆ? ದುಡಿದೋರಿಗೆ ಊಟ ಇಲ್ವ ನಿನ್ನ ಸೈಡಲ್ಲಿ?"

ವಿಮಲಮ್ಮ ರೊಟ್ಟಿಯ ಚೂರಿಗೆ ಎಣ್ಣೆಗಾಯಿ ಹಚ್ಚಿ, ಎದೆಯ ಲಿಂಗಕ್ಕೆ ತೋರಿಸಿ, ಬಾಯಿಗಿಟ್ಟಳು. ಅಗಿದಳು. ಮತ್ತೆ ಅಗಿದಳು. ಮುಖ ಗಂಟಿಕ್ಕಿತು.

"ಇದನ್ನ ಮನೇಲಿ ಯಾಕೆ ಮಾಡಲ್ಲ ನೀನು?"

ದಾಕ್ಷಾಯಣಿ ತಡವರಿಸಿದಳು. ಈರುಳ್ಳಿಯನ್ನು ಕೆಂಪಗೆ ಹುರಿದು ಪುದೀನ ಸೇರಿಸಿ ರುಬ್ಬುವುದನ್ನು ಅವಳು ಕಲಿತದ್ದು ಆ ಕಡೆಯ ಬಿರಿಯಾನಿ ಭಟ್ಟರನ್ನು ನೋಡಿ. "ನಿಮಗೆ ಆಗಲ್ಲ ಅಂತ... ಇದು ಇವರ ಕಡೆ ಮಸಾಲೆ, ಅತ್ತೆ."

ಖುರ್ಷಿದ್ ಬೇಗಂ ಅಗಿಯುವುದನ್ನು ನಿಲ್ಲಿಸಿ ಮುದುಕಿಯ ಮುಖ ನೋಡಿದಳು.

"ಊರೋರಿಗೆಲ್ಲ ಇದನ್ನ ಹಾಕಿ, ನಂಗೆ ಇಷ್ಟು ವರ್ಷ ಸಪ್ಪೆ ಬದನೆಕಾಯಿ ತಿನ್ಸಿದ್ಯಲ್ಲೇ" ಎಂದಳು ವಿಮಲಮ್ಮ, ಎಲೆಯನ್ನು ಸೊಸೆಯ ಕಡೆಗೆ ಸರಿಸುತ್ತಾ. "ಹಾಕು ಇನ್ನೆರಡು."