ಈ ಸಲ ಸರಿ ಬಂಜಿಲ್ಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿ ಹೆಂಗಸರ ಸಂಘಗಳಿಗೆ ವ್ಯಾಪಾರದ ಪಾಠ ಹೇಳುವುದು ನನ್ನ ಕೆಲಸ. ಬೋರ್ಡಿನ ಮೇಲೆ ನಾಲ್ಕು ಚೌಕ ಬರೆಯುತ್ತೇನೆ: ನಮ್ಮ ಬಲ, ನಮ್ಮ ಕೊರತೆ, ಅವಕಾಶ, ಅಪಾಯ. ಅಪಾಯದ್ದು ತೋಟಕ್ಕೆ ನುಗ್ಗುವ ಮಂಗನಿಂದ ಶುರುವಾಗಿ ಕ್ಷಣದಲ್ಲಿ ತುಂಬುತ್ತದೆ. ಕೊರತೆ ಹೇಳಲಂತೂ ಪೈಪೋಟಿ. ಬಲದ ಚೌಕ ಮಾತ್ರ ಖಾಲಿ. ಕೇಳಿದರೆ ಎಲ್ಲರೂ ಪಕ್ಕದವಳ ಮುಖ ನೋಡುತ್ತಾರೆ. ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹೆಗ್ಗರಣೆ ಕಡೆಯ ಸಂಘದ್ದು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಅವರ ಹಲಸಿನ ಹಪ್ಪಳ ನೋಡಲು ಹುಬ್ಬಳ್ಳಿಯ ದೊಡ್ಡ ಅಂಗಡಿಯವರೊಬ್ಬರನ್ನು ನಾನೇ ಕಾಡಿ ಬೇಡಿ ಒಪ್ಪಿಸಿದ್ದೆ. ಆರ್ಡರ್ ಸಿಕ್ಕರೆ ಒಣಗಿಸುವ ಯಂತ್ರ ತಂದು ಮಳೆಗಾಲದಲ್ಲೂ ಕೆಲಸ ನಡೆಸಬಹುದು. ಸಿಗದಿದ್ದರೆ ಜೂನ್ ಬಂದಕೂಡಲೇ ಎಲ್ಲ ಬಂದ್. ಸಂಘದ ಹಿರಿಯಳನ್ನು ನಾನು ಅಕ್ಕ ಎನ್ನುತ್ತೇನೆ. ಅವಳಿಗೆ ಬಲದ ಚೌಕ ಬಾಯಿಪಾಠ ಮಾಡಿಸಿದೆ: ಊರಿನದೇ ಹಲಸು, ಬಣ್ಣ ಹಾಕುವುದಿಲ್ಲ, ವರ್ಷವಾದರೂ ಗರಿಗರಿ. ಚೆಂದ ಒಪ್ಪಿಸಿದಳು.

ಅಂಗಡಿಯವರು ಬಂದು ಜಗುಲಿಯಲ್ಲಿ ಕೂತರು. ಅಕ್ಕ ಬಿಸಿಬಿಸಿ ಹಪ್ಪಳ ಕರಿದು ತಟ್ಟೆ ಮುಂದಿಟ್ಟಳು. ಇಟ್ಟಳೋ ಇಲ್ಲವೋ, “ಈ ಸಲ ಅಷ್ಟು ಸರಿ ಬಂಜಿಲ್ಲೆ” ಅಂದುಬಿಟ್ಟಳು! ಉಳಿದವರೂ ಸೇರಿಕೊಂಡು, “ಹೌದು, ಉಪ್ಪು ಸ್ವಲ್ಪ ಹೆಚ್ಚಾಜು” ಅಂದರು.

ಎಷ್ಟೇ ರುಚಿಯಾಗಿದ್ದರೂ ‘ಸರಿ ಬಂದಿಲ್ಲ’ ಅನ್ನುವುದೇ ನಮ್ಮಲ್ಲಿ ಬಡಿಸುವವರ ರೂಢಿ. ತಿಂದವರು ‘ಛೇ ಛೇ, ಭಾರಿ ಚೊಲೋ ಆಜು’ ಅನ್ನಬೇಕು, ಆಮೇಲೆ ಇನ್ನೆರಡು ಹಾಕಿಸಿಕೊಳ್ಳಬೇಕು. ಹುಬ್ಬಳ್ಳಿಯವರಿಗೆ ಇದೆಲ್ಲ ಏನು ಗೊತ್ತು?

“ಹಂಗಾದ್ರ ಸರಿ ಬಂದಾಗ ಫೋನ್ ಮಾಡ್ರಿ, ನೋಡೋಣಂತ,” ಎಂದು ಎದ್ದೇಬಿಟ್ಟರು. ನಾನು ಅಂಗಳದವರೆಗೆ ಹಿಂದೆ ಓಡಿದೆ. “ಅದು ಸುಮ್ಮನೆ ಮಾತಿಗೆ ಹೇಳೋದು ಸರ್!”

“ಮಾಡಿದವ್ರೇ ಹೇಳ್ಯಾರಲ್ರೀ ಮೇಡಂ,” ಎಂದು ಕಾರು ಹತ್ತಿದರು.

ಒಳಗೆ ಬಂದು ಕೂಗಾಡಿದೆ. “ಎಂತ ಮಾಡ್ದೆ ಅಕ್ಕಾ! ಅಷ್ಟು ಕಲಿಸಿದ್ದೆಲ್ಲ ಎಲ್ಲಿ ಹೋಯ್ತು?”

“ತಂಗೀ, ನಮ್ಮದು ನಾವೇ ಚೊಲೋ ಹೇಳಿ ಹೇಳ್ಕಂಬಲೆ ಆಗ್ತಾ? ಅದನ್ನ ತಿಂದವು ಹೇಳವು, ನಾವಲ್ಲ,” ಎಂದಳು.

ಹೊರಡುವಾಗ ಒಂದು ಕಟ್ಟು ಹಪ್ಪಳ ತಂದಳು. ಬೇಡ ಎಂದೆ. ನನಗೆ ನಿಜಕ್ಕೂ ಬೇಡವಾಗಿತ್ತು, ಅಷ್ಟು ಸಿಟ್ಟು. ಆದರೆ ನಮ್ಮ ಕಡೆ ಬೇಡ ಅಂದರೆ ಬೇಡ ಎಂದು ಯಾರು ತಿಳಿಯುತ್ತಾರೆ? ನಗುತ್ತಾ ಚೀಲದೊಳಗೆ ತುರುಕಿದಳು. ಆಮೇಲೆ ನನ್ನ ಕೈ ಹಿಡಿದು, ಒಂದಿಷ್ಟೂ ಅನುಮಾನವಿಲ್ಲದೆ ಕೇಳಿದಳು:

“ಮಷಿನ್ನು ಇಡಲೆ ಹಿಂದಿನ ಕೋಣೆಗೆ ಸುಣ್ಣ ಹೊಡೆದಾಜು. ಹುಬ್ಬಳ್ಳಿಯವು ಮತ್ತೆ ಯಾವಾಗ ಬತ್ತ ತಂಗೀ?”